ಮಹಾಸಭೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ

2017ರ ಮೇ 15, ಸೋಮವಾರ. ವಯನಾಡಿನ ತರಿಯೋಡು ಗ್ರಾಮ ಪಂಚಾಯಿತಿ ಕಚೇರಿಯ ಕಂಪ್ಯೂಟರುಗಳಲ್ಲಿ ಕಡತಗಳು ತೆರೆಯಲಿಲ್ಲ. 300 ಡಾಲರ್ ಮೊತ್ತದ ಬಿಟ್‌ಕಾಯಿನ್ ಕಟ್ಟಿದರೆ ಮಾತ್ರ ಬೀಗ ತೆಗೆಯುತ್ತೇವೆ ಎಂಬ ಬೇಡಿಕೆ ಪರದೆ ಮೇಲಿತ್ತು. ಮೂರು ದಿನ ಮೊದಲು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳನ್ನು ಕಂಗೆಡಿಸಿದ್ದ ‘ವನ್ನಾಕ್ರೈ’ ಎಂಬ ರಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ನಮ್ಮ ಗಡಿಯಾಚೆಯ ಹಳ್ಳಿಯ ಪಂಚಾಯಿತಿಗೂ ಬಂದಿತ್ತು. ಅದು ನುಗ್ಗುವ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಳ್ಳಲು ಎರಡು ತಿಂಗಳು ಸಮಯವಿತ್ತು, ಖರ್ಚೂ ಇರಲಿಲ್ಲ.

ಹಿರಿಯೂರು, ಹೊಸದುರ್ಗದಲ್ಲಿ ಈ ವಿಷಯ ತೆಗೆದರೆ ‘ನಮ್ಮಂಥ ಊರಿಗೆ ಯಾರು ಬರ್ತಾರೆ ಬಿಡಿ ಸಾರ್’ ಎನ್ನುವವರೇ ಹೆಚ್ಚು. ತರಿಯೋಡಿನ ಹೆಸರನ್ನೂ ಆ ಕಳ್ಳರು ಕೇಳಿರಲಿಕ್ಕಿಲ್ಲ. ಇಂಥ ಕುತಂತ್ರಾಂಶ ಊರು ನೋಡಿ ಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಸಿಕ್ಕಸಿಕ್ಕ ಯಂತ್ರದ ಬಾಗಿಲನ್ನೆಲ್ಲ ತಳ್ಳಿ ನೋಡುತ್ತದೆ, ತೆರೆದುಕೊಂಡರೆ ಒಳಗೆ ಹೋಗುತ್ತದೆ.

ಪಹಣಿ, ಇ-ಸ್ವತ್ತು ರಾಜ್ಯದ ಸರ್ವರಿನಲ್ಲಿರುತ್ತವೆ, ನಿಜ. ಆದರೆ ಭೀಮಸಮುದ್ರದ ಅಡಿಕೆ ಮಂಡಿಯ ಟ್ಯಾಲಿ ಲೆಕ್ಕ, ಹೊಳಲ್ಕೆರೆಯ ಪತ್ರ ಬರಹಗಾರರು ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿಟ್ಟ ಕ್ರಯಪತ್ರಗಳು, ಸಹಕಾರ ಸಂಘದ ಸ್ಕ್ಯಾನ್ ಪ್ರತಿಗಳು, ಖಾಸಗಿ ಶಾಲೆಯ ಅಂಕಪಟ್ಟಿ ಎಲ್ಲಿರುತ್ತವೆ? ಎಷ್ಟೋ ಕಡೆ ಅಲ್ಲಿನ ಒಂದೇ ಯಂತ್ರದಲ್ಲಿ.

ಆ ಯಂತ್ರಕ್ಕೆ ಹಾಕಿರುವ ವಿಂಡೋಸ್ ಎಷ್ಟೋ ಸಲ ಕ್ರ್ಯಾಕ್ ಮಾಡಿದ ನಕಲಿ ಪ್ರತಿ. ಹಾಕಿಕೊಟ್ಟವರು ಅಪ್‌ಡೇಟ್ ನಿಲ್ಲಿಸಿಯೇ ಹೋಗಿರುತ್ತಾರೆ, ಇಲ್ಲವಾದರೆ ಕ್ರ್ಯಾಕ್ ಸಿಕ್ಕಿಬೀಳುತ್ತದೆ. ಆ ಕ್ರ್ಯಾಕ್ ಕಡತದಲ್ಲೇ ರೋಗ ಅಡಗಿರುವುದೂ ಉಂಟು. ‘ಸ್ಟಾಪ್’ ಎಂಬ ರಾನ್ಸಮ್‌ವೇರ್ ಜಗತ್ತಿನಾದ್ಯಂತ ಮನೆ, ಅಂಗಡಿಗಳ ಕಂಪ್ಯೂಟರಿಗೆ ಹೆಚ್ಚಾಗಿ ಹೊಕ್ಕಿದ್ದು ಈ ದಾರಿಯಿಂದಲೇ. ಅಸಲಿ ವಿಂಡೋಸ್ 10 ಇದ್ದವರೂ ನಿಶ್ಚಿಂತೆಯಿಂದ ಇರುವಂತಿಲ್ಲ: ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ.

ಸಹಕಾರ ಸಂಘದ ಕಂಪ್ಯೂಟರ್ ಆಪರೇಟರನ್ನು ದೂರುವುದು ಸುಲಭ, ಆದರೆ ನನಗೆ ಅದು ಅನ್ಯಾಯವೆನಿಸುತ್ತದೆ. ಎದುರಿಗೆ ಸಾಲುಗಟ್ಟಿ ನಿಂತ ರೈತರನ್ನು ಬಿಟ್ಟು ಅರ್ಧ ಗಂಟೆ ಅಪ್‌ಡೇಟ್‌ಗೆ ಕೂರಲು ಆ ಹುಡುಗಿಗೆ ಯಾರು ಬಿಡುತ್ತಾರೆ? ಅಸಲಿ ವಿಂಡೋಸಿಗೆ, ಲೆಕ್ಕದ ನಕಲು ಇಡುವ ಎರಡು ಹಾರ್ಡ್ ಡಿಸ್ಕಿಗೆ ದುಡ್ಡು ಮಂಜೂರು ಮಾಡಬೇಕಾದದ್ದು ಆಡಳಿತ ಮಂಡಳಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿದೆ. ಯಂತ್ರ ಬಂದ ಮೇಲೆ ಅದನ್ನು ಕಾಯುವ ಕೆಲಸ ಸಂಘದ್ದು. ಕಾಯುವುದು ತಪ್ಪಿದರೆ ಏನಾಗುತ್ತದೆ ನೋಡಿ: 2024ರ ಜುಲೈ 31ರಂದು ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಒಂದೇ ಕಂಪನಿ ರಾನ್ಸಮ್‌ವೇರ್‌ಗೆ ಸಿಕ್ಕಿದ್ದಕ್ಕೆ ದೇಶದ ಸುಮಾರು 300 ಸಣ್ಣ ಸಹಕಾರಿ, ಗ್ರಾಮೀಣ ಬ್ಯಾಂಕುಗಳ ಹಣ ಪಾವತಿ ಸೇವೆ ನಿಂತುಹೋಗಿತ್ತು.

ಹಾಗಾಗಿ ಸಹಕಾರ ಸಂಘದ ಸೆಪ್ಟೆಂಬರಿನ ಮಹಾಸಭೆಯಲ್ಲಿ ಲಾಭಾಂಶದ ಜೊತೆಗೆ ಷೇರುದಾರರು ಇನ್ನೊಂದು ಪ್ರಶ್ನೆ ಎತ್ತಬೇಕು: ಇವತ್ತು ಈ ಕಂಪ್ಯೂಟರ್ ಕೆಟ್ಟರೆ ನಮ್ಮ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ, ಅದನ್ನು ತೆರೆದು ನೋಡಿದ್ದು ಯಾವಾಗ? ಸದಾ ಚುಚ್ಚಿಟ್ಟ ಪೆನ್‌ಡ್ರೈವ್ ಲೆಕ್ಕಕ್ಕಿಲ್ಲ, ಕಂಪ್ಯೂಟರಿನ ಜೊತೆ ಅದಕ್ಕೂ ಬೀಗ ಬೀಳುತ್ತದೆ. ಎರಡು ಡಿಸ್ಕಿಗೆ ವಾರಕ್ಕೊಂದರಂತೆ ಸರದಿಯಲ್ಲಿ ನಕಲು ಮಾಡಿ, ಕಳಚಿ, ತಿಜೋರಿಯಲ್ಲಿಡಬೇಕು. ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ಸಂಘದ ನಗದು ಎಣಿಸುವ ಆಡಿಟರ್ ಇದನ್ನೂ ತೆರೆಸಿ ನೋಡಲಿ.

ಬೀಗ ಬಿದ್ದೇಬಿಟ್ಟರೆ ಮೊದಲು ನೆಟ್ ಕೇಬಲ್ ಕಿತ್ತು, ವೈಫೈ ಆರಿಸಿ, ಚಿತ್ರದುರ್ಗದ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ದೂರು ಕೊಡಿ. ಹಣ ಕಟ್ಟಬೇಡಿ, ಕಟ್ಟಿದವರಿಗೆಲ್ಲ ಕೀಲಿ ಸಿಕ್ಕಿಲ್ಲ. ಗಾಬರಿಯಲ್ಲಿ ಫಾರ್ಮ್ಯಾಟನ್ನೂ ಹೊಡೆಸಬೇಡಿ. ಯುರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಭದ್ರತಾ ಕಂಪನಿಗಳ ಜೊತೆ ಸೇರಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಕೊಡುತ್ತದೆ. ಇವತ್ತಿಲ್ಲದ ಕೀಲಿ ಮುಂದಿನ ವರ್ಷ ಬರಬಹುದು. ಡಿಸ್ಕನ್ನು ಅಳಿಸಿಬಿಟ್ಟರೆ ಆಗ ಬಿಡಿಸಲು ಕಡತವೇ ಉಳಿದಿರುವುದಿಲ್ಲ.