ಕಾರಿಗೆ ಲೆಕ್ಕವಿದೆ, ಕಾಯುವವರಿಗೆ ಕಟ್ಟೆಯಿಲ್ಲ

ಬಂಟ್ವಾಳದಿಂದ ಮೂಡುಬಿದಿರೆಗೆ ಸಾಗುವ ರಸ್ತೆಯಲ್ಲಿ ಸಿದ್ಧಕಟ್ಟೆ ಎಂಬ ಊರಿದೆ. ‘ಕಟ್ಟೆ’ ಎಂಬ ಪದ ನಮ್ಮ ಕರಾವಳಿಯ ಊರುಗಳ ಹೆಸರಿನಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಮರದ ಬುಡಕ್ಕೆ ಕಲ್ಲು ಕಟ್ಟಿ, ಬಸ್ಸಿಗೆ ಕಾಯುವವರಿಗೂ ದಾರಿಹೋಕರಿಗೂ ಕುಳಿತುಕೊಳ್ಳಲು ನೆರಳಿನ ಎಡೆ ಮಾಡಿಕೊಡುವುದು ಊರು ಕಟ್ಟುವ ಕೆಲಸದ ಭಾಗವೇ ಆಗಿತ್ತು. ಸಾವಿರಾರು ಜನರಿಗೆ ಒಂದೇ ಆವರಣದಲ್ಲಿ ಮನೆ ಕಟ್ಟಿಕೊಡುವ ನಮ್ಮ ಮಹಾನಗರಗಳು ಈ ತಿಳಿವಳಿಕೆಯನ್ನು ಕಳೆದುಕೊಂಡಿವೆ.

ಬೆಂಗಳೂರಿನ ಯಾವುದೇ ದೊಡ್ಡ ವಸತಿ ಸಮುಚ್ಚಯದ ಮುಂದೆ ಬೆಳಗಿನ ಏಳೂವರೆಗೆ ನಿಂತು ನೋಡಿ. ಶಾಲಾ ವಾಹನ, ಕಚೇರಿಯ ಕ್ಯಾಬ್, ಆಟೊ, ಹಾಲು-ತರಕಾರಿ ತರುವ ದ್ವಿಚಕ್ರ ವಾಹನ ಎಲ್ಲವೂ ಗೇಟಿನ ಹೊರಗೆ, ಸಾರ್ವಜನಿಕ ರಸ್ತೆಯ ಮೇಲೆಯೇ. ಚೀಲ ಹೊತ್ತ ಮಕ್ಕಳು ಚರಂಡಿಯ ಅಂಚಿನಲ್ಲಿ ನಿಂತಿರುತ್ತಾರೆ. ಆಸ್ಪತ್ರೆಗೆ ಹೊರಟ ವೃದ್ಧರು ಕಾವಲುಗಾರನ ಕುರ್ಚಿಯನ್ನು ಬೇಡಿ ಪಡೆಯಬೇಕಾಗುತ್ತದೆ. ನಾನಿರುವ ಸಮುಚ್ಚಯದಲ್ಲಿಯೂ ದಿನನಿತ್ಯದ ದೃಶ್ಯ ಇದೇ.

ಇದಕ್ಕೆ ಜಾಗದ ಕೊರತೆ ಕಾರಣವಲ್ಲ. ಬೆಂಗಳೂರಿಗೆ 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಾವಳಿ, ಸಾಧಾರಣ ಗಾತ್ರದ ಪ್ರತಿ ಫ್ಲ್ಯಾಟಿಗೆ ಒಂದು ಕಾರಿನಂತೆ, ಕಾರೊಂದಕ್ಕೆ 2.5 ಮೀಟರ್ ಅಗಲ, 5.5 ಮೀಟರ್ ಉದ್ದದ ಜಾಗವನ್ನು ನಿಗದಿಪಡಿಸಿತು. ಸಂದರ್ಶಕರಿಗೆಂದು ಶೇ 10ರಷ್ಟು ಹೆಚ್ಚುವರಿ ನಿಲುಗಡೆಯನ್ನೂ ಸೇರಿಸಿತು. ನಿಂತ ಕಾರಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕವಿರುವಾಗ, ಮೂರು ನಿಮಿಷ ನಿಂತು ಹೋಗುವ ವಾಹನಕ್ಕೂ ಅದಕ್ಕಾಗಿ ಕಾಯುವ ಮನುಷ್ಯನಿಗೂ ಲೆಕ್ಕವೇಕೆ ಬೇಡ?

ಆ ಲೆಕ್ಕ ಕಷ್ಟದ್ದೇನೂ ಅಲ್ಲ. 500 ಮನೆಗಳಿರುವ ಸಮುಚ್ಚಯದಲ್ಲಿ ಐದು ಮನೆಗೊಂದರಂತೆ ಬೆಳಗಿನ ಒಂದು ಗಂಟೆಯಲ್ಲಿ 100 ವಾಹನಗಳು ಬಂದು, ಪ್ರತಿಯೊಂದೂ ಮೂರು ನಿಮಿಷ ನಿಲ್ಲುತ್ತದೆ ಎಂದುಕೊಳ್ಳೋಣ. ಯಾವುದೇ ಕ್ಷಣದಲ್ಲಿ ಸರಾಸರಿ ಐದು ವಾಹನಗಳು ನಿಂತಿರುತ್ತವೆ. ಒಟ್ಟಿಗೆ ಬರುವವನ್ನೂ ಗಮನದಲ್ಲಿಟ್ಟು ಎಂಟಕ್ಕೆ ಜಾಗ ಮಾಡಿದರೂ ಬೇಕಾಗುವುದು ಸುಮಾರು 110 ಚದರ ಮೀಟರ್. ಅದೇ ಸಮುಚ್ಚಯ 550 ಕಾರುಗಳ ನಿಲುಗಡೆಗೆ 7,500 ಚದರ ಮೀಟರಿಗೂ ಹೆಚ್ಚು ಜಾಗ ಕೊಟ್ಟಿರುತ್ತದೆ. ಕೊರತೆಯಿರುವುದು ಅದರ ಶೇಕಡಾ ಒಂದೂವರೆಯಷ್ಟು ಮಾತ್ರ!

ಅಪರಿಚಿತ ವಾಹನಗಳನ್ನು ಒಳಗೆ ಬಿಟ್ಟರೆ ಭದ್ರತೆಗೆ ಧಕ್ಕೆಯೆಂಬ ನಿವಾಸಿಗಳ ಸಂಘಗಳ ಆತಂಕವನ್ನು ತಳ್ಳಿಹಾಕಲಾಗದು. ಆದರೆ ತಂಗುದಾಣ ಕಟ್ಟಡದ ಬುಡದಲ್ಲೇ ಇರಬೇಕೆಂದಿಲ್ಲ. ಕಾಂಪೌಂಡನ್ನು ಕೆಲವು ಮೀಟರ್ ಹಿಂದಕ್ಕೆ ಸರಿಸಿ, ಸ್ವಂತ ನಿವೇಶನದೊಳಗೇ, ಭದ್ರತಾ ಗೇಟಿನ ಹೊರಗೆ ಅದನ್ನು ನಿರ್ಮಿಸಬಹುದು. ಅಗ್ನಿಶಾಮಕ ವಾಹನದ ದಾರಿಯನ್ನು ಮಾತ್ರ ಇದಕ್ಕೆ ಬಳಸಬಾರದು. ಬಹುಮಹಡಿ ಕಟ್ಟಡದ ಸುತ್ತ ಕನಿಷ್ಠ 6 ಮೀಟರ್ ತೆರವು ಇರಬೇಕೆಂದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು ಜೀವರಕ್ಷಣೆಗಾಗಿಯೇ.

ಆದ್ದರಿಂದ, ನಿಗದಿತ ಸಂಖ್ಯೆಗಿಂತ ಹೆಚ್ಚು ಮನೆಗಳಿರುವ ಯಾವುದೇ ಯೋಜನೆಯ ನಕ್ಷೆಗೆ ಮಂಜೂರಾತಿ ನೀಡುವ ಮೊದಲು ಹತ್ತಿಳಿಯುವ ತಾಣವನ್ನು ಕಡ್ಡಾಯಗೊಳಿಸಬೇಕು. ಅಲ್ಲಿ ಮಾಡು, ಬೆಂಚು, ದೀಪ, ಗಾಲಿಕುರ್ಚಿ ಸಾಗುವ ಇಳಿಜಾರು ಇರಬೇಕು. ಅವುಗಳನ್ನು ಪರಿಶೀಲಿಸಿದ ಬಳಿಕವೇ ಸ್ವಾಧೀನಾನುಭವ ಪತ್ರ ನೀಡಬೇಕು. ಈಗಾಗಲೇ ಇರುವ ಸಮುಚ್ಚಯಗಳು ಖಾಲಿ ಬಿದ್ದ ಸಂದರ್ಶಕರ ನಿಲುಗಡೆಯ ಒಂದು ಭಾಗವನ್ನು, ನಿಯಮದ ಅನುಮತಿ ಪಡೆದು, ಇದಕ್ಕೆ ಬಿಟ್ಟುಕೊಡಬಹುದು.

ಈ ಬಹುಮಹಡಿ ಸಂಸ್ಕೃತಿ ಈಗ ಮಂಗಳೂರನ್ನು ದಾಟಿ ಸಣ್ಣ ಪಟ್ಟಣಗಳತ್ತಲೂ ಹೊರಟಿದೆ. ಬೆಂಗಳೂರಿನ ತಪ್ಪನ್ನು ಅವು ಮರುಕಳಿಸಬೇಕಾಗಿಲ್ಲ. ಆಟಿಯ ಮಳೆಯಲ್ಲಿ ಮಗುವೊಂದು ಶಾಲೆಯ ವಾಹನಕ್ಕೆ ನಡುರಸ್ತೆಯಲ್ಲಿ ಕಾಯಬೇಕೆ ಎಂಬುದನ್ನು ಅಡಿಪಾಯ ತೋಡುವ ಮೊದಲೇ ಯೋಚಿಸುವುದು ಒಳಿತು.