ಗೆರೆ ಎಳೆಯುವ ಹೆಂಗಸರೆಲ್ಲಿ?

"ಹೆಂಗಸರು ನಗಬಲ್ಲರು, ನಗಿಸಲಾರರು, ಆದ್ದರಿಂದಲೇ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುವ ಸ್ತ್ರೀಯರು ವಿರಳ" ಎಂದು ಬಂಟ್ವಾಳದ ಮಿತ್ರರೊಬ್ಬರ ವಾದ. ಬೆಳ್ತಂಗಡಿಯ ಕಡೆಯೂ ಈ ಮಾತನ್ನು ಕೇಳಿದ್ದೇನೆ. ಮಾತು ಹಳೆಯದು; ಹಳೆಯದಾದ ಮಾತ್ರಕ್ಕೆ ನಿಜವಾಗದು.

ಚರಿತ್ರೆಯನ್ನೇ ಕೇಳೋಣ. 1870ರ ದಶಕದಲ್ಲಿ ಲಂಡನ್ನಿನ 'ಜೂಡಿ' ಪತ್ರಿಕೆಯಲ್ಲಿ ಆ್ಯಲಿ ಸ್ಲೋಪರ್ ಎಂಬ ಪುಂಡನ ಚಿತ್ರಗಳನ್ನು ಬರೆದು ಜನರನ್ನು ನಗಿಸಿದವಳು ಮಾರೀ ಡುವಾಲ್. ಕೀರ್ತಿಯ ಬಹುಪಾಲು ಸಂದದ್ದು ಆಕೆಯ ಸಂಗಾತಿ ಚಾರ್ಲ್ಸ್ ರಾಸ್‌ಗೆ. 'ನ್ಯೂಯಾರ್ಕರ್' ಹುಟ್ಟಿದ 1925ರಲ್ಲೇ ಹೆಲೆನ್ ಹೋಕಿನ್ಸನ್ ಅದಕ್ಕೆ ಬರೆಯತೊಡಗಿದಳು. 1949ರಲ್ಲಿ ತೀರಿಕೊಳ್ಳುವವರೆಗೂ ಬರೆದಳು. ನಗಿಸಲಾರದವಳಿಗೆ ಯಾವ ಸಂಪಾದಕನು ಅಷ್ಟು ವರ್ಷ ಪುಟ ಬಿಟ್ಟುಕೊಟ್ಟಾನು?

ಇನ್ನು ನಮ್ಮ ಕನ್ನಡ. 1942ರಲ್ಲಿ ರಾ.ಶಿ.ಯವರು ಹೊರಡಿಸಿದ 'ಕೊರವಂಜಿ'ಗೆ ಹೆಸರು ಹೆಂಗಸಿನದು. ಅದಕ್ಕೆ ಚಿತ್ರ ಬರೆದು ಮುಂದೆ ದೇಶಖ್ಯಾತರಾದವರು ಆರ್.ಕೆ. ಲಕ್ಷ್ಮಣರು, ಅದೇ ಪುಟಗಳಲ್ಲಿ ನಗೆಬರಹದಿಂದ ಮನೆಮಾತಾದವರು ಟಿ. ಸುನಂದಮ್ಮನವರು. ಹಾಸ್ಯ ಹೆಂಗಸಿಗೆ ಒಗ್ಗದೆಂಬ ವಾದ ಅಲ್ಲಿಗೇ ಮುಗಿಯಿತಷ್ಟೆ.

"ಮಾತಿರಲಿ, ಗೆರೆ?" ಎಂದೀರಿ. ಬೆಳಗಾದರೆ ಅಂಗಳದಲ್ಲಿ ರಂಗವಲ್ಲಿ ಇಡುವ ಕೈಗೆ ಗೆರೆ ಒಲಿಯದೆ? ಮಾಯಾ ಕಾಮತ್ (1951–2001) ಬೆಂಗಳೂರಿನಲ್ಲಿದ್ದುಕೊಂಡು ರಾಜಕಾರಣಿಗಳನ್ನು ಗೆರೆಯಲ್ಲೇ ಕುಟುಕಿದರು. ಮಂಜುಳಾ ಪದ್ಮನಾಭನ್ 1982ರಿಂದ 'ಸುಕಿ'ಯನ್ನು ಬರೆದರು. ಇಬ್ಬರಿಗೂ ಜಾಗ ದೊರೆತದ್ದು ಇಂಗ್ಲಿಷ್ ಪತ್ರಿಕೆಗಳಲ್ಲಿ ಎಂಬುದನ್ನು ಕನ್ನಡದ ವಾಚಕರು ಗಮನಿಸಬೇಕು.

ಕೊರತೆ ಪ್ರತಿಭೆಯದಲ್ಲ, ಜಾಗದ್ದು. "ಅಂಚೆ ಎಲ್ಲರಿಗೂ ತೆರೆದಿದೆ, ಕಳಿಸಲಿ" ಎಂದರೆ ಸಾಲದು. ವ್ಯಂಗ್ಯಚಿತ್ರ ಮಹಿಳಾ ದಿನದಂದು ಮಾತ್ರ ಅರಳುವ ಹೂವಲ್ಲ. ವಾರವಾರ ಗಡುವಿಗೆ ಬರೆದು, ತಿದ್ದಿಸಿಕೊಂಡು, ಸಂಭಾವನೆ ಪಡೆದು ಪಳಗುವ ಕಸುಬು. ಹೆಂಗಸಿಗೆ ಅಡಿಗೆಯ ಪುಟವನ್ನು ಕೊಟ್ಟು ಮಂತ್ರಿಯ ಮೂಗನ್ನು ಗಂಡಸಿಗೇ ಕಾದಿರಿಸಿದರೆ ಆಕೆ ಪಳಗುವುದೆಂತು?

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರೀಕುಂಜರವಿದೆ: ಒಂಬತ್ತು ಹೆಂಗಸರು ಮೈ ಹೆಣೆದುಕೊಂಡು ಒಂದು ಆನೆಯಾಗಿದ್ದಾರೆ. ನಮ್ಮ ನಗೆಚಿತ್ರಗಳ ಆನೆಯೂ ಅಂಥದೇ. ಲಟ್ಟಣಿಗೆ ಹಿಡಿದ ಹೆಂಡತಿ, ಗಯ್ಯಾಳಿ ಅತ್ತೆ, ಸೀರೆಯಂಗಡಿಯಿಂದ ಏಳದ ನಾದಿನಿ ಇವರಿಂದಲೇ ಅದನ್ನು ಕಟ್ಟಿದ್ದೇವೆ. ಉಳಿಯನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ.

ಸಂಪಾದಕ ಮಹಾಶಯರೇ, ವರ್ಷಪೂರ್ತಿ ಒಂದು ಚೌಕವನ್ನು ಒಬ್ಬಳಿಗೆ ಬಿಟ್ಟುಕೊಡಿ. ಗಂಡಸಿಗೆ ಕೊಡುವ ಸಂಭಾವನೆಯನ್ನೇ ಕೊಡಿ. ಗಂಡಸರ ಸಪ್ಪೆ ಚಿತ್ರಗಳನ್ನು ಇಷ್ಟು ಕಾಲ ಸಹಿಸಿದ ನಾವು ಆಕೆಯ ಹತ್ತು ಸಪ್ಪೆ ಚಿತ್ರಗಳನ್ನು ಸಹಿಸಲಾರೆವೆ? ಹನ್ನೊಂದನೆಯದು ಚುರುಕಾದೀತು.