ನಡಾವಳಿ ಪುಸ್ತಕದ ಆಚೆಗೆ

ಸರ್ಕಾರಿ ಪ್ರೌಢಶಾಲೆಗಳ ಸಿಬ್ಬಂದಿ ಸಭೆ ಹೇಗೆ ನಡೆಯುತ್ತದೆಂಬುದು ಅಲ್ಲಿ ದುಡಿದವರಿಗೆಲ್ಲ ಗೊತ್ತು. ಮುಖ್ಯ ಶಿಕ್ಷಕರು ಇಲಾಖೆಯ ಸುತ್ತೋಲೆಗಳನ್ನು ಓದುತ್ತಾರೆ, ಕೆಲಸ ಹಂಚುತ್ತಾರೆ. ‘ಸರ್ವಾನುಮತದಿಂದ ತೀರ್ಮಾನಿಸಲಾಯಿತು’ ಎಂದು ಬರೆದ ನಡಾವಳಿ ಪುಸ್ತಕ ಕೈಯಿಂದ ಕೈಗೆ ದಾಟುತ್ತದೆ. ಎಲ್ಲರೂ ಸಹಿ ಹಾಕುತ್ತಾರೆ. ಯಾರು ಏನು ಹೇಳಿದರೆಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಇದರಿಂದ ಆಗುವ ನಷ್ಟ ಮಕ್ಕಳದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ಸಂಜೆ ಆರರವರೆಗೆ ವಿಶೇಷ ತರಗತಿ ಎಂದು ವೇಳಾಪಟ್ಟಿ ಹಾಕಿದರು ಎಂದುಕೊಳ್ಳಿ. ಐದೂಕಾಲಿನ ಬಸ್ಸು ತಪ್ಪಿದರೆ ಪಕ್ಕದ ಹಳ್ಳಿಯ ಹುಡುಗಿಯರು ಕತ್ತಲಲ್ಲಿ ನಡೆದು ಹೋಗಬೇಕು, ಅದಕ್ಕೇ ಅವರು ನಿಲ್ಲುವುದಿಲ್ಲ ಎಂಬುದು ತರಗತಿ ಶಿಕ್ಷಕಿಗೆ ಗೊತ್ತು. ಗಣಿತದಲ್ಲಿ ಹಿಂದೆ ಬಿದ್ದವರಲ್ಲಿ ಅವರೇ ಹೆಚ್ಚೆಂಬುದೂ ಗೊತ್ತು. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟರೆ ಎಲ್ಲರೂ ಸಿಗುತ್ತಾರೆ. ಆ ಶಿಕ್ಷಕಿ ಇದನ್ನು ಹೇಳುವಷ್ಟರಲ್ಲಿ ವೇಳಾಪಟ್ಟಿ ಬಿಇಒ ಕಚೇರಿ ಸೇರಿರುತ್ತದೆ.

ಶಾಲೆಯ ತೀರ್ಮಾನಗಳಲ್ಲಿ ಶಿಕ್ಷಕರಿಗೂ ಪಾಲು ಇರಬೇಕು. ಅವರಿಗೆ ಗೌರವ ಸಿಗಲಿ ಎಂಬ ಕಾರಣಕ್ಕಷ್ಟೇ ನಾನು ಇದನ್ನು ವಾದಿಸುತ್ತಿಲ್ಲ. ಯಾವ ಮಗು ಯಾವ ಪಾಠದಲ್ಲಿ ಎಡವುತ್ತದೆ ಎಂಬ ತಿಳಿವಳಿಕೆ ತರಗತಿಯಲ್ಲಿದೆ. ಆ ತಿಳಿವಳಿಕೆ ಬೇಕಾದ ತೀರ್ಮಾನವೂ ಅಲ್ಲಿಂದಲೇ ಬರಬೇಕು. ವೇಳಾಪಟ್ಟಿ, ಪರಿಹಾರ ಬೋಧನೆ, ಗ್ರಂಥಾಲಯಕ್ಕೂ ಪ್ರಯೋಗಾಲಯಕ್ಕೂ ಕೊಳ್ಳುವ ಸಾಮಗ್ರಿ, ಇವು ಶಿಕ್ಷಕರ ಸಭೆಯ ತೀರ್ಮಾನವಾಗಲಿ. ಹಣದ ಲೆಕ್ಕ, ಮಕ್ಕಳ ಸುರಕ್ಷತೆ, ಸಿಬ್ಬಂದಿಯ ಶಿಸ್ತು ಮುಖ್ಯ ಶಿಕ್ಷಕರಲ್ಲೇ ಇರಲಿ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ಫಲಿತಾಂಶ ಕುಸಿದರೆ ಡಿಡಿಪಿಐ ಮೊದಲು ವಿವರಣೆ ಕೇಳುವುದು ಮುಖ್ಯ ಶಿಕ್ಷಕರನ್ನೇ. ಹತ್ತು ಜನ ಮಾಡಿದ ತೀರ್ಮಾನಕ್ಕೆ ಒಬ್ಬರೇ ತಲೆ ಕೊಡಬೇಕೆಂದರೆ ಯಾರು ಒಪ್ಪುತ್ತಾರೆ? ಆದ್ದರಿಂದ ಅಧಿಕಾರ ಹಂಚಿದಲ್ಲಿ ಹೊಣೆಯೂ ಹಂಚಿಕೆಯಾಗಬೇಕು. ತೀರ್ಮಾನ ಯಾರದ್ದು, ಒಪ್ಪದವರು ಯಾರು, ಏಕೆ ಎಂಬುದು ನಡಾವಳಿಯಲ್ಲಿ ದಾಖಲಾಗಬೇಕು. ಶಿಕ್ಷಕರ ತೀರ್ಮಾನವನ್ನು ಮುಖ್ಯ ಶಿಕ್ಷಕರು ತಳ್ಳಿಹಾಕಿದರೆ ಕಾರಣವನ್ನು ಬರೆದು ಕೊಡಬೇಕು. ಹಾಗೆಯೇ, ಶಿಕ್ಷಕರೂ ತಮ್ಮ ತೀರ್ಮಾನದ ಫಲಕ್ಕೆ ಉತ್ತರ ಹೇಳಬೇಕು. ಆ ಭಾಗವನ್ನು ನಮ್ಮ ಶಿಕ್ಷಕ ಸಂಘಟನೆಗಳು ಇನ್ನಷ್ಟು ಗಟ್ಟಿಯಾಗಿ ಹೇಳಲಿ ಎಂಬುದು ನನ್ನ ಆಸೆ.

ಪೋಷಕರ ದನಿಗೆ ನಮ್ಮಲ್ಲಿ ಜಾಗ ಸಿಕ್ಕಿದೆ. 2001ರಲ್ಲಿ ರಾಜ್ಯ ಸರ್ಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಸಮಿತಿಯ ಮುಕ್ಕಾಲು ಭಾಗ ಪೋಷಕರೇ ಇರಬೇಕೆಂದಿತು. ಅದು ಸರಿಯೇ. ಆದರೆ ಸಮಿತಿ ಇದ್ದ ಮಾತ್ರಕ್ಕೆ ಶಾಲೆ ಬದಲಾಗುವುದಿಲ್ಲ. ಅಮೆರಿಕದ ಷಿಕಾಗೋ ನಗರದಲ್ಲಿ 1988ರ ಕಾನೂನು ಪ್ರಾಂಶುಪಾಲರನ್ನು ಆಯ್ಕೆ ಮಾಡುವ ಅಧಿಕಾರವನ್ನೇ ಶಾಲಾ ಮಂಡಳಿಗಳಿಗೆ ಕೊಟ್ಟಿತು. ಅಲ್ಲಿನ ಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿದ ಆಂಥೊನಿ ಬ್ರೈಕ್ ಮತ್ತು ಬಾರ್ಬರಾ ಶ್ನೈಡರ್, ಶಿಕ್ಷಕರು, ಪ್ರಾಂಶುಪಾಲರು, ಪೋಷಕರ ನಡುವೆ ನಂಬಿಕೆ ಬಲವಾಗಿದ್ದ ಕಡೆ ಕಲಿಕೆ ಸುಧಾರಿಸುವ ಸಾಧ್ಯತೆ ಹೆಚ್ಚೆಂದು ಕಂಡುಕೊಂಡರು. ತಾವು ಆಡಿದ ಮಾತಿನಿಂದ ಏನಾದರೂ ಬದಲಾದದ್ದನ್ನು ಕಾಣದ ಶಿಕ್ಷಕರಲ್ಲಿ ಅಂಥ ನಂಬಿಕೆ ಹುಟ್ಟುವುದಾದರೂ ಹೇಗೆ?

ಇನ್ನೊಂದು ಮಾತು ಇಲಾಖೆಗೆ. ಮುಖ್ಯ ಶಿಕ್ಷಕರ ಕೈಯಲ್ಲೇ ಏನೂ ಇಲ್ಲದಿದ್ದರೆ ಅವರು ಹಂಚುವುದೇನನ್ನು? ವಿಶೇಷ ತರಗತಿಯ ಗಂಟೆಯನ್ನೂ, ಕಿರುಪರೀಕ್ಷೆಯ ದಿನವನ್ನೂ ಜಿಲ್ಲಾ ಕಚೇರಿಯೇ ಗೊತ್ತುಮಾಡುವ ಪದ್ಧತಿ ಇರುವ ಕಡೆ ಅದನ್ನು ಮೊದಲು ಕೈಬಿಡಬೇಕು. ಈ ಎರಡನ್ನು ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ಶಾಲೆಗಳಿಗೇ ಬಿಟ್ಟು, ವರ್ಷದ ಕೊನೆಗೆ ನಡಾವಳಿ ಪುಸ್ತಕಗಳನ್ನು ತರಿಸಿ ಓದಲು ಸುತ್ತೋಲೆಯೊಂದೇ ಸಾಕು. ಹೊಸ ಕಾನೂನು ಬೇಕಾಗಿಲ್ಲ.